ಗಾಡಿ ಮಾತು: ಖಾಲಿ ಟ್ಯಾಂಕನ್ನು ಅಷ್ಟು ಬೇಗ ನಂಬಬೇಡಿ

ದೀಪಾವಳಿ ಮುಗಿಯಿತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಮೈಲೇಜು, ಚೈನು, ಬ್ರೇಕು ಎಲ್ಲ ಹಿಂದೆ ಸರಿದು "ಗಾಡಿ ಮೂರು ನಾಲ್ಕು ತಿಂಗಳು ನಿಲ್ಲಿಸಬೇಕು, ಪೆಟ್ರೋಲ್ ಏನು ಮಾಡಲಿ" ಅನ್ನುವ ಪ್ರಶ್ನೆಗಳು ಶುರುವಾಗುತ್ತವೆ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲಕ್ಕೆ ಗಾಡಿ ಮುಚ್ಚಿಡುವುದು ಮಾಮೂಲು. ನಮ್ಮಲ್ಲಿ ಆ ಕಾರಣ ಇಲ್ಲ, ಆದರೆ ಬೇರೆ ಕಾರಣಗಳು ಬೇಕಾದಷ್ಟಿವೆ ಎಂದು ಈ ಸಲದ ಪತ್ರಗಳನ್ನು ನೋಡಿದರೆ ಗೊತ್ತಾಗುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಪತ್ರಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಸರು ಹಾಕಬೇಡಿ ಅಂತ ಸುಮಾರು ಜನ ಕೇಳಿದ್ದರಿಂದ ಊರು ಮಾತ್ರ ಹಾಕಿದ್ದೇವೆ.

ಪ್ರಶ್ನೆ: ಸರ್, ನನ್ನ ಹತ್ತಿರ ಅಪ್ಪನ ಕಾಲದ ಯೆಜ್ಡಿ ಇದೆ. ಬಣ್ಣ ಹೊಡೆಸಲು ಗಾಡಿ ಬಿಚ್ಚಿಸಿದ್ದೇನೆ. ಚಾಸಿ ಗ್ಯಾರೇಜಿನಲ್ಲಿದೆ, ಮಿಸ್ತ್ರಿ ಯುಗಾದಿ ಹೊತ್ತಿಗೆ ಕೊಡ್ತೀನಿ ಅಂದಿದ್ದಾರೆ. ಟ್ಯಾಂಕ್ ಅಲ್ಲೇ ಬಿಟ್ಟರೆ ಯಾರಾದರೂ ಬೀಳಿಸಿ ನೆಗ್ಗಿಸುತ್ತಾರೆ ಅಂತ ಮನೆಗೆ ತಂದಿದ್ದೇನೆ. ಪೆಟ್ರೋಲ್ ಪೂರ್ತಿ ಬಗ್ಗಿಸಿದ್ದೇನೆ, ಒಂದು ಹನಿ ಇಲ್ಲ. ಅಡುಗೆಮನೆಯ ಅಟ್ಟದ ಮೇಲೆ ಇಟ್ಟಿದ್ದೇನೆ. ಮನೆಯವಳು ವಾಸನೆ ಬರ್ತಿದೆ, ಹೊರಗೆ ಒಯ್ಯಿರಿ ಅಂತ ದಿನಾ ಜಗಳ. ಖಾಲಿ ಡಬ್ಬಕ್ಕೆ ಯಾಕೆ ಹೆದರಬೇಕು ಅಂತ ನಾನು. ಯಾರು ಸರಿ?
(ಟಿಳಕವಾಡಿ, ಬೆಳಗಾವಿ)

ಉತ್ತರ: ನಿಮ್ಮ ಮನೆಯವರು ಸರಿ. ಇದನ್ನು ಓದುವಾಗ ಟ್ಯಾಂಕ್ ಇನ್ನೂ ಅಟ್ಟದ ಮೇಲೇ ಇದ್ದರೆ ಮೊದಲು ಒಲೆ ಆರಿಸಿ, ಟ್ಯಾಂಕನ್ನು ಅಂಗಳಕ್ಕೆ ಒಯ್ದು ಇಟ್ಟು ಬನ್ನಿ. ಮುಂದಿನದು ಆಮೇಲೆ ಓದಿ.

ಪೆಟ್ರೋಲ್ ನೀರಿನ ಹಾಗೆ ಇರುವಾಗ ಉರಿಯುವುದಿಲ್ಲ, ಅದರಿಂದ ಏಳುವ ಆವಿ ಉರಿಯುತ್ತದೆ. ಆ ಆವಿ ಏಳಲು ಬಿಸಿಲು ಬೇಕಿಲ್ಲ. ಸೊನ್ನೆಗಿಂತ 40 ಡಿಗ್ರಿ ಕೆಳಗೆ ಹೋದರೂ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬರುತ್ತದೆ, ಬೆಳಗಾವಿಯ ಡಿಸೆಂಬರ್ ಚಳಿ ಅದಕ್ಕೆ ಲೆಕ್ಕವೇ ಅಲ್ಲ. ಇನ್ನು ಗಾಳಿಯಲ್ಲಿ ಈ ಆವಿ ನೂರಕ್ಕೆ ಸುಮಾರು ಒಂದೂವರೆ ಪಾಲಿನಿಂದ ಏಳೂವರೆ ಪಾಲಿನವರೆಗೆ ಬೆರೆತಿದ್ದರೆ ಮಾತ್ರ ಹೊತ್ತುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಸಾಲದು, ಜಾಸ್ತಿ ಇದ್ದರೆ ಉರಿಯಲು ಗಾಳಿ ಸಾಲದು. ತುಂಬಿದ ಟ್ಯಾಂಕಿನ ಒಳಗೆ ಆವಿ ಎಷ್ಟು ದಟ್ಟ ಇರುತ್ತದೆಂದರೆ ಒಳಗಡೆ ಉರಿಯಲು ಗಾಳಿಯೇ ಇರುವುದಿಲ್ಲ. ನೀವು ಪೆಟ್ರೋಲ್ ಬಗ್ಗಿಸಿದಿರಲ್ಲ, ಆಗ ಆ ಜಾಗಕ್ಕೆ ಗಾಳಿ ಹೋಯಿತು. ಮೂಲೆಯಲ್ಲಿ, ಬೆಸುಗೆಯ ಸಂದಿಯಲ್ಲಿ, ತುಕ್ಕಿನ ಪದರದಲ್ಲಿ ಕೂತ ಪೆಟ್ರೋಲ್ ಅಲ್ಲೇ ಉಳಿದು ಆವಿ ಬಿಡುತ್ತಾ ಇರುತ್ತದೆ. ಹೊತ್ತಲು ಸರಿಯಾದ ಮಿಶ್ರಣ ತಯಾರಾಗುವುದು ಇಂಥ ಟ್ಯಾಂಕಿನಲ್ಲಿಯೇ. ನೀವು ಖಾಲಿ ಅಂದುಕೊಂಡಿದ್ದು ತುಂಬಿದ್ದಕ್ಕಿಂತ ಅಪಾಯದ ಸ್ಥಿತಿ.

ಅಟ್ಟ ಮೇಲಿದೆ, ಒಲೆ ಕೆಳಗಿದೆ, ಆದ್ದರಿಂದ ತೊಂದರೆ ಇಲ್ಲ ಅಂತ ನೀವು ಯೋಚಿಸಿರಬಹುದು. ಪೆಟ್ರೋಲ್ ಆವಿ ಗಾಳಿಗಿಂತ ಮೂರ್ನಾಲ್ಕು ಪಟ್ಟು ಭಾರ. ಅದು ಮೇಲಕ್ಕೆ ಹೋಗುವುದಿಲ್ಲ, ಕೆಳಗಿಳಿದು ನೆಲದ ಮೇಲೆ ನೀರಿನಂತೆ ಹರಿಯುತ್ತದೆ. ಅಟ್ಟದಿಂದ ಇಳಿದರೆ ನೇರ ಒಲೆಯ ಕಟ್ಟೆ. ಒಲೆ ಒಂದೇ ಅಲ್ಲ, ದೇವರ ದೀಪ, ಊದಿನಕಡ್ಡಿ, ಫ್ರಿಜ್ಜಿನೊಳಗೆ ತಾನಾಗಿ ಹಾಕಿ ಆರುವ ಸ್ವಿಚ್ಚು, ಇನ್ವರ್ಟರ್, ನೀರಿನ ಪಂಪಿನ ಸ್ಟಾರ್ಟರ್, ಇವೆಲ್ಲ ಕಿಡಿಯ ಜಾಗಗಳೇ.

ವಾಸನೆ ಬಂದ ಕೂಡಲೇ ಸ್ಫೋಟ ಆಗಿಬಿಡುತ್ತದೆ ಅಂತಲ್ಲ. ನಮ್ಮ ಮೂಗು ಬಹಳ ಕಡಿಮೆ ಪ್ರಮಾಣವನ್ನೂ ಹಿಡಿಯುತ್ತದೆ. ಆದರೆ ವಾಸನೆ ಇದೆ ಎಂದರೆ ಆವಿ ಹೊರಗೆ ಬರುತ್ತಿದೆ ಎಂದೇ ಅರ್ಥ. ಇನ್ನೊಂದು ಕಷ್ಟ ಇದೆ. ಎರಡು ದಿನ ಅದೇ ಮನೆಯಲ್ಲಿದ್ದರೆ ಮೂಗು ಒಗ್ಗಿಹೋಗುತ್ತದೆ, ಆಮೇಲೆ ವಾಸನೆ ಹೋಯಿತು ಅಂದುಕೊಳ್ಳುತ್ತೇವೆ. ಹೊರಗಿನಿಂದ ಬಂದವರನ್ನು ಕೇಳಬೇಕು.

ಈಗ ಮಾಡಬೇಕಾದ್ದು. ಟ್ಯಾಂಕನ್ನು ಹೊರಗೆ ನೆರಳಿನಲ್ಲಿ, ಗಾಳಿ ಆಡುವ ಕಡೆ ಇಡಿ. ಮುಚ್ಚಳ ತೆಗೆಯಿರಿ, ಕೆಳಗಿನ ಪೆಟ್ರೋಲ್ ಕಾಕ್, ಅಂದರೆ ಪೆಟ್ರೋಲ್ ಬಿಡುವ ನಲ್ಲಿ, ಬಿಚ್ಚಿ ತೆಗೆಯಿರಿ. ಉಳಿದ ಹನಿ ಇಳಿಯಲಿ, ಕೆಳಗೆ ಒಂದು ತಗಡಿನ ಬೋಗುಣಿ ಇರಲಿ. ಒಂದೆರಡು ದಿನ ಹಾಗೇ ಬಿಡಿ, ಆಗಾಗ ಮಗ್ಗುಲು ಬದಲಿಸಿ. ಆಮೇಲೆ ಪಾತ್ರೆ ತೊಳೆಯುವ ಸಾಬೂನಿನ ನೀರು ತುಂಬಿಸಿ ಅಲ್ಲಾಡಿಸಿ, ಎರಡು ಮೂರು ಸಲ ತೊಳೆಯಿರಿ. ನಿಮ್ಮ ಯೆಜ್ಡಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಹಾಕುತ್ತಿದ್ದಿರಿ, ಆದ್ದರಿಂದ ಒಳಗೆ ಎಣ್ಣೆಯ ಜಿಡ್ಡು ಜಾಸ್ತಿ, ಸಾಬೂನು ಸ್ವಲ್ಪ ಧಾರಾಳವಾಗಿಯೇ ಬೇಕು. ತೊಳೆದ ಮೊದಲ ನೀರನ್ನು ಗಟಾರಕ್ಕೆ, ಬಾವಿ ಹತ್ತಿರಕ್ಕೆ ಚೆಲ್ಲಬೇಡಿ, ಗ್ಯಾರೇಜಿನವರು ಹಳೆ ಆಯಿಲ್ ಹಾಕುವ ಕಡೆ ಕೊಡಿ.

ಒಣಗಿಸುವಾಗ ದಯವಿಟ್ಟು ಹೇರ್ ಡ್ರೈಯರ್ ಹಿಡಿಯಬೇಡಿ. ಅದರೊಳಗೆ ಕೆಂಪಗೆ ಕಾದ ತಂತಿ ಇರುತ್ತದೆ. ನಮ್ಮ ಬಿಸಿಲೇ ಸಾಕು. ಒಣಗಿದ ಮೇಲೆ ತಡ ಮಾಡಬೇಡಿ. ಬೋಳು ತಗಡು ನೀರು ಕಂಡ ಮೇಲೆ ಕೆಲವೇ ಗಂಟೆಯಲ್ಲಿ ಕೆಂಪಗಾಗುತ್ತದೆ. ಅರ್ಧ ಕಪ್ ಹೊಸ ಎಂಜಿನ್ ಆಯಿಲ್ ಒಳಗೆ ಹಾಕಿ ಎಲ್ಲ ಕಡೆ ಹತ್ತುವ ಹಾಗೆ ತಿರುಗಿಸಿ, ಜಾಸ್ತಿಯಾದದ್ದನ್ನು ಬಗ್ಗಿಸಿ. ಮುಚ್ಚಳ ಹಾಕಿ. ಕಾಕ್ ಇದ್ದ ತೂತಿಗೆ ಚಿಂದಿ ತುರುಕುವುದು ಬೇಡ, ಚಿಂದಿ ತೇವ ಎಳೆಯುತ್ತದೆ. ತೊಳೆದ ಕಾಕನ್ನೇ ತಿರುಗಿ ಕೂಡಿಸಿ ಬಂದ್ ಮಾಡಿ. ಹಳೆ ಟೈರಿನ ಮೇಲೆ ಟ್ಯಾಂಕ್ ಕೂರಿಸಿ ಹಳೆ ಧೋತರ ಹೊದಿಸಿದರೆ ಬಣ್ಣಕ್ಕೂ ಗೀರು ಬೀಳುವುದಿಲ್ಲ. ಇಷ್ಟಾದ ಮೇಲೆ ಅದನ್ನು ಮನೆಯೊಳಗೆ ಇಡಬಹುದು. ಆದರೂ ಅಡುಗೆಮನೆ ಬೇಡ. ಮನೆಯವರಿಗೆ ನೀನು ಹೇಳಿದ್ದೇ ಖರೆ ಅಂತ ಹೇಳಿಬಿಡಿ, ಜಗಳವೂ ಮುಗಿಯುತ್ತದೆ.

ಪ್ರಶ್ನೆ: ನಮಸ್ಕಾರ. ಮಗ ಸೈನ್ಯದಲ್ಲಿದ್ದಾನೆ. ದೀಪಾವಳಿಗೆ ಬಂದು ಹೋದ, ಇನ್ನು ಬರುವುದು ಮಾರ್ಚ್ ಏಪ್ರಿಲ್‌ಗೆ. ಎರಡು ವರ್ಷದ ಹಿಂದೆ ಕೊಂಡ ಬೈಕು. ದನದ ಕೊಟ್ಟಿಗೆ ಪಕ್ಕದ ಪತ್ರಾಸ್ ಶೆಡ್ಡಿನಲ್ಲಿ ನಿಲ್ಲಿಸಿದ್ದೇನೆ. ನನಗೆ ಬೈಕ್ ಹೊಡೆಯಲು ಬರುವುದಿಲ್ಲ. ವಾರಕ್ಕೊಮ್ಮೆ ಎರಡು ನಿಮಿಷ ಸ್ಟಾರ್ಟ್ ಮಾಡು ಅಂತ ಮಗ, ಪೆಟ್ರೋಲ್ ಪೂರಾ ತೆಗೆದುಬಿಡು ಕಾಕಾ ಅಂತ ಪಕ್ಕದ ಮನೆ ಹುಡುಗ. ಯಾರ ಮಾತು ಕೇಳಲಿ?
(ಹುಕ್ಕೇರಿ ತಾಲೂಕು, ಬೆಳಗಾವಿ ಜಿಲ್ಲೆ)

ಉತ್ತರ: ಇಬ್ಬರ ಮಾತೂ ಬೇಡ. 2020ರ ಏಪ್ರಿಲ್‌ನಿಂದ ಬಿಎಸ್‌6 ಎಂಬ ಹೊಗೆ ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಹೆಚ್ಚುಕಡಿಮೆ ಎಲ್ಲದಕ್ಕೂ ಪೆಟ್ರೋಲಿಗೆ ಗಾಳಿ ಬೆರೆಸುವ ಹಳೆ ಕಾರ್ಬೊರೇಟರ್ ಹೋಗಿ, ಪಂಪಿನ ಒತ್ತಡದಿಂದ ಪೆಟ್ರೋಲ್ ಚಿಮ್ಮಿಸುವ ಫ್ಯೂಯಲ್ ಇಂಜೆಕ್ಷನ್ ಬಂದಿದೆ. ಇವುಗಳ ಪಂಪು ಸಾಮಾನ್ಯವಾಗಿ ಟ್ಯಾಂಕಿನ ಒಳಗೇ ಪೆಟ್ರೋಲಿನಲ್ಲಿ ಮುಳುಗಿ ಕೂತಿರುತ್ತದೆ. ಪೂರಾ ತೆಗೆದು ತಿಂಗಳುಗಟ್ಟಲೆ ಬಿಟ್ಟರೆ ಪಂಪಿನ ಜಾಲರಿ, ರಬ್ಬರ್ ಎಲ್ಲ ಒಣಗುತ್ತವೆ, ತಗಡಿಗೆ ಗಾಳಿ ಸಿಗುತ್ತದೆ, ತುಕ್ಕು ಹಿಡಿಯುತ್ತದೆ. ಜೊತೆಗೆ ಮೇಲೆ ಹೇಳಿದ ಖಾಲಿ ಟ್ಯಾಂಕಿನ ಆವಿ, ಅದೂ ಮೇವು ಇರುವ ಕೊಟ್ಟಿಗೆಯ ಪಕ್ಕ.

ಗಾಡಿಯ ಮೇಲೇ ಇರುವ ಟ್ಯಾಂಕನ್ನು ತುಂಬಿಸಿ ಇಡುವುದೇ ಒಳ್ಳೆಯದು. ಕಾರಣ ಏನೆಂದರೆ ನಿಮ್ಮ ಕಡೆ ಚಳಿಗಾಲದಲ್ಲಿ ಮಧ್ಯಾಹ್ನ 30 ಡಿಗ್ರಿ ಇದ್ದರೆ ಬೆಳಗಿನ ಜಾವ 14-15ಕ್ಕೆ ಇಳಿಯುತ್ತದೆ. ಮಧ್ಯಾಹ್ನ ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ, ರಾತ್ರಿ ಕುಗ್ಗಿ ಹೊರಗಿನ ಮಂಜಿನ ತೇವವನ್ನು ಒಳಗೆ ಎಳೆದುಕೊಳ್ಳುತ್ತದೆ. ದಿನಾ ಇದೇ ಕೆಲಸ. ಟ್ಯಾಂಕಿನಲ್ಲಿ ಖಾಲಿ ಜಾಗ ಜಾಸ್ತಿ ಇದ್ದಷ್ಟೂ ಒಳಗೆ ಹೋಗುವ ತೇವ ಜಾಸ್ತಿ. ಈಗಿನ ಪೆಟ್ರೋಲಿನಲ್ಲಿ ಇದಕ್ಕೆ ಇನ್ನೊಂದು ಗಂಟು ಬಿದ್ದಿದೆ. 2023ರ ಫೆಬ್ರವರಿಯಲ್ಲಿ ನೂರಕ್ಕೆ 20 ಪಾಲು ಎಥನಾಲ್ ಇರುವ ಪೆಟ್ರೋಲ್ ಬರಲು ಶುರುವಾಯಿತು, ಈಗ ಬಂಕುಗಳಲ್ಲಿ ಹೆಚ್ಚಾಗಿ ಸಿಗುವುದೇ ಅದು. ನಿಮ್ಮ ಸುತ್ತಲಿನ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನಿಂದ ತಯಾರಾಗುವುದೂ ಅದೇ ಎಥನಾಲ್. ರೈತರಿಗೆ ಅದರಿಂದ ಲಾಭವೇ, ಅದರ ಬಗ್ಗೆ ತಕರಾರಿಲ್ಲ. ಆದರೆ ಎಥನಾಲ್‌ಗೆ ನೀರೆಂದರೆ ಪ್ರೀತಿ. ತೇವವನ್ನು ಹೀರಿ ಒಂದು ಮಟ್ಟದವರೆಗೆ ತನ್ನಲ್ಲಿ ಕರಗಿಸಿಕೊಳ್ಳುತ್ತದೆ. ಮಟ್ಟ ಮೀರಿದರೆ ನೀರೂ ಎಥನಾಲೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಕೂತುಬಿಡುತ್ತವೆ. ಟ್ಯಾಂಕಿನ ತಳ ತೂತಾಗುವುದು, ಪಂಪು ಕೆಡುವುದು ಅಲ್ಲಿಂದ. ದಿನಾ ಓಡುವ ಗಾಡಿಗೆ ಈ ತಂಟೆ ಇಲ್ಲ, ಎರಡು ದಿನಕ್ಕೆ ಪೆಟ್ರೋಲ್ ಬದಲಾಗುತ್ತದೆ. ನಿಂತ ಗಾಡಿಗೆ ಇದೆ.

ಆದ್ದರಿಂದ ಗಾಡಿ ಹೊಡೆಯಲು ಬರುವ ಯಾರನ್ನಾದರೂ ಬಂಕಿಗೆ ಕಳಿಸಿ. ಕುತ್ತಿಗೆಯವರೆಗೆ ತುಂಬಿಸಬೇಡಿ, ಒಳಗೆ ಕಾಣುವ ಕೊಳವೆಯ ಕೆಳ ಅಂಚಿನವರೆಗೆ ಸಾಕು. ಪೆಟ್ರೋಲ್ ಬಿಸಿಗೆ ಹಿಗ್ಗುತ್ತದೆ. 15 ಲೀಟರ್ ಪೆಟ್ರೋಲ್ 20 ಡಿಗ್ರಿ ಕಾದರೆ ಕಾಲು ಲೀಟರಿಗಿಂತ ಜಾಸ್ತಿಯೇ ಉಬ್ಬುತ್ತದೆ, ಅದಕ್ಕೆ ಜಾಗ ಬೇಕಲ್ವಾ. ಪೆಟ್ರೋಲ್ ಕೆಡದಂತೆ ಹಾಕುವ ಫ್ಯೂಯಲ್ ಸ್ಟೆಬಿಲೈಸರ್ ಬಾಟಲಿ ಬಿಡಿಭಾಗದ ಅಂಗಡಿಯಲ್ಲಿ ಕೇಳಿ. ಸಿಕ್ಕರೆ ಅದರ ಮೇಲೆ ಬರೆದಷ್ಟೇ ಹಾಕಿ, ಹತ್ತು ನಿಮಿಷ ಗಾಡಿ ಓಡಿಸಿ ತರಲು ಹೇಳಿ, ಔಷಧ ಹಾಕಿದ ಪೆಟ್ರೋಲ್ ಇಂಜೆಕ್ಟರ್‌ವರೆಗೆ ಹೋಗಬೇಕು. ಮೊದಲೇ ಹಳೆಯದಾದ ಪೆಟ್ರೋಲಿಗೆ ಅದನ್ನು ಹಾಕಿ ಉಪಯೋಗವಿಲ್ಲ.

ವಾರಕ್ಕೆ ಎರಡು ನಿಮಿಷ ಸ್ಟಾರ್ಟ್ ಮಾಡುವುದು ನಮ್ಮ ಕಡೆ ಎಲ್ಲರೂ ಹೇಳುವ ಮಾತು. ಅಷ್ಟರಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಸೈಲೆನ್ಸರಿನಲ್ಲಿ ನೀರು ಕೂರುತ್ತದೆ, ಸೆಲ್ಫ್ ಹೊಡೆದು ಖರ್ಚಾದ ಬ್ಯಾಟರಿ ತುಂಬುವುದೂ ಇಲ್ಲ. ಹದಿನೈದು ಇಪ್ಪತ್ತು ನಿಮಿಷ ಓಡಿಸುವವರು ಇದ್ದರೆ ಓಡಿಸಲಿ, ಇಲ್ಲದಿದ್ದರೆ ಮುಟ್ಟಬೇಡಿ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿಡಿ, ಪೆಟ್ರೋಲ್ ತುಂಬುವ ಕೆಲಸ ಮುಗಿದು ವಾಸನೆ ಆರಿದ ಮೇಲೆ.

ಶೆಡ್ಡಿನ ವಿಷಯ. ಮೇವಿನ ಬಣವೆ, ಹೊಟ್ಟಿನ ಚೀಲ ಗಾಡಿಯಿಂದ ದೂರ ಇರಲಿ. ಅಲ್ಲಿಯೇ ಹಾಲು ಕಾಯಿಸುವ ಒಲೆ, ಚಳಿಗೆ ಹಾಕುವ ಬೆಂಕಿ ಇದ್ದರೆ ಗಾಡಿಯನ್ನೇ ಬೇರೆ ಕಡೆ ನಿಲ್ಲಿಸಿ. ಇಲಿ ಪೆಟ್ರೋಲ್ ಪೈಪ್ ಕಡಿಯುತ್ತದೆ, ಇದು ತಮಾಷೆಯ ಮಾತಲ್ಲ. ಸುಗ್ಗಿಯಲ್ಲಿ ಹೊಲ ಖಾಲಿಯಾದಂತೆ ಇಲಿಗಳು ಮನೆ ಕಡೆ ಬರುತ್ತವೆ. ವಾರಕ್ಕೊಮ್ಮೆ ಗಾಡಿ ಕೆಳಗೆ ಬಗ್ಗಿ ನೋಡಿ, ನೆಲ ಒದ್ದೆ ಇದೆಯೇ, ವಾಸನೆ ಇದೆಯೇ ಎಂದು. ಸ್ಟಾರ್ಟ್ ಮಾಡುವ ಬದಲು ಮಗನಿಗೆ ಈ ವರದಿ ಕೊಡಿ.

ಪ್ರಶ್ನೆ: ನಾವು ನೇಕಾರರು. ಮನೆಯಲ್ಲಿ ಕುಣಿ ಮಗ್ಗ ಇದೆ. ಓಣಿಯಲ್ಲಿ ಪೆಟ್ರೋಲ್ ಕಳ್ಳತನ ಜಾಸ್ತಿಯಾಗಿ ರಾತ್ರಿ ಗಾಡಿಯನ್ನು ಮಗ್ಗದ ಕೋಣೆಯಲ್ಲೇ ನಿಲ್ಲಿಸುತ್ತೇವೆ. ಈಗ ಗಾಡಿ ರಿಪೇರಿಗೆ ದುಡ್ಡು ಹೊಂದಿಸುವವರೆಗೆ ಅಲ್ಲೇ ಇರುತ್ತದೆ. ಹಳೆ ಕಾರ್ಬೊರೇಟರ್ ಗಾಡಿ, ಸಣ್ಣ ವಾಸನೆ ಇದೆ. ನಡೆಯುತ್ತದೆಯೇ?
(ಗುಳೇದಗುಡ್ಡ, ಬಾಗಲಕೋಟೆ ಜಿಲ್ಲೆ)

ಉತ್ತರ: ನಡೆಯುವುದಿಲ್ಲ. ಬೇರೆ ಮನೆಗಿಂತ ನಿಮ್ಮ ಮನೆಯಲ್ಲಿ ಇನ್ನೂ ನಡೆಯುವುದಿಲ್ಲ. ಆವಿ ಭಾರ, ತಗ್ಗು ಇರುವ ಕಡೆ ಹೋಗಿ ಕೂರುತ್ತದೆ ಅಂದೆವಲ್ಲ. ನಿಮ್ಮ ಕೋಣೆಯಲ್ಲಿ ಅತ್ಯಂತ ತಗ್ಗಿನ ಜಾಗ ಮಗ್ಗದ ಕುಣಿ. ರಾತ್ರಿಯೆಲ್ಲ ಬಾಗಿಲು ಹಾಕಿದ ಕೋಣೆಯಲ್ಲಿ ಸೋರಿದ ಆವಿ ಅದರೊಳಗೆ ತುಂಬಿಕೊಳ್ಳುತ್ತದೆ. ಬೆಳಿಗ್ಗೆ ಯಾರೋ ಅಲ್ಲಿ ಕಾಲಿಳಿಬಿಟ್ಟು ಕೂತು ದೀಪ ಹಾಕುತ್ತಾರೆ, ಅಥವಾ ಬೀಡಿ ಹಚ್ಚುತ್ತಾರೆ. ಸುತ್ತ ನೂಲು, ಹತ್ತಿಯ ದೂಳು. ಬೆಂಕಿ ಬಿದ್ದರೆ ಓಡಲು ಮೊದಲು ಕುಣಿಯಿಂದ ಎದ್ದು ಬರಬೇಕು.

ಗಾಡಿಯನ್ನು ಇವತ್ತೇ ಹೊರಗೆ ತನ್ನಿ. ಕಳ್ಳತನದ ಭಯ ನಿಜವೇ, ಆದರೆ ಹಳೆ ಗಾಡಿಗೆ ಉಪಾಯ ಇದೆ. ಪೆಟ್ರೋಲ್ ಕಾಕ್ ಬಂದ್ ಮಾಡಿ, ಕೆಳಗೆ ಹೋಗುವ ಪೈಪ್ ಕಳಚಿ, ಕಾಕಿನ ಬಾಯಿಗೆ ಇನ್ನೊಂದು ಪೈಪ್ ಕೂಡಿಸಿ ತಗಡಿನ ಡಬ್ಬಿಗೆ ಇಳಿಸಿಕೊಳ್ಳಿ. ಮೊದಲು ಮೇನ್‌ಗೆ ತಿರುಗಿಸಿ, ಅದು ನಿಂತ ಮೇಲೆ ರಿಸರ್ವ್‌ಗೆ ತಿರುಗಿಸಿ. ಕಾರ್ಬೊರೇಟರ್ ಬಟ್ಟಲಿನ ಕೆಳಗಿನ ಸ್ಕ್ರೂ ಸಡಿಲಿಸಿದರೆ ಅಲ್ಲಿ ಉಳಿದದ್ದೂ ಬರುತ್ತದೆ. ಅದನ್ನು ಹಾಗೇ ಬಿಟ್ಟರೆ ಒಣಗಿ ಅಂಟಾಗಿ ಜೆಟ್ಟಿನ ಸಣ್ಣ ತೂತು ಮುಚ್ಚುತ್ತದೆ, ರಿಪೇರಿಗೆ ಇನ್ನೊಂದು ಖರ್ಚು. ಇದೆಲ್ಲ ಬಯಲಿನಲ್ಲಿ, ಹಗಲಿನಲ್ಲಿ. ಇಳಿಸಿದ ಪೆಟ್ರೋಲನ್ನು ಗಾಡಿ ಇರುವ ನೆಂಟರಿಗೋ ಗೆಳೆಯರಿಗೋ ಅವತ್ತೇ ಹಾಕಿಕೊಡಿ. ಕದಿಯಲು ಏನೂ ಇಲ್ಲದ ಗಾಡಿಯನ್ನು ಮುಚ್ಚಳ ತೆರೆದು ಒಂದೆರಡು ದಿನ ಅಂಗಳದಲ್ಲಿ ಆರಲು ಬಿಟ್ಟು, ಆಮೇಲೆ ಅಲ್ಲೇ ಕಟ್ಟೆಗೆ ಸರಪಳಿ ಹಾಕಿ ನಿಲ್ಲಿಸಿ. ಹೆಚ್ಚು ದಿನ ಆಗುವುದಾದರೆ ಒಳಗೆ ಸ್ವಲ್ಪ ಆಯಿಲ್ ಹಾಕಿಡಿ. ಮಗ್ಗದ ಕೋಣೆಗೆ ಮಾತ್ರ ವಾಪಸ್ ತರಬೇಡಿ. ಬಣ್ಣ ಕಾಯಿಸುವ ಒಲೆ ಇರುವ ಕಡೆಗೂ ಬೇಡ.

ಮನೆಯೊಳಗೆ ಗಾಡಿ ನಿಲ್ಲಿಸುವ ಬೇರೆಯವರಿಗೂ ಒಂದು ಮಾತು. ಮೇಲಿನ ಕಿಟಕಿ ತೆರೆದಿದ್ದೇವೆ, ಗಾಳಿ ಬರುತ್ತದೆ ಅನ್ನುತ್ತೀರಿ. ಪೆಟ್ರೋಲ್ ಆವಿಗೆ ಮೇಲಿನ ಕಿಟಕಿಯಿಂದ ಅಷ್ಟಾಗಿ ಉಪಯೋಗವಿಲ್ಲ. ನೆಲದ ಮಟ್ಟದಲ್ಲಿ ಹೊರಹೋಗಲು ದಾರಿ ಬೇಕು.

ಪ್ರಶ್ನೆ: ಬೈಕಿನಿಂದ ತೆಗೆದ ಒಂಬತ್ತು ಲೀಟರ್ ಪೆಟ್ರೋಲ್ ತಂಪು ಪಾನೀಯದ ಬಾಟಲಿಗಳಲ್ಲಿ ತುಂಬಿ ಮಂಚದ ಕೆಳಗೆ ಇಟ್ಟಿದ್ದೇನೆ. ಬೇಸಿಗೆಗೆ ಬೇಕಾಗುತ್ತದೆ. ಪೊಲೀಸ್ ತೊಂದರೆ ಇದೆಯೇ?
(ವಿಜಯಪುರ)

ಉತ್ತರ: ಪೊಲೀಸರ ಚಿಂತೆ ಆಮೇಲೆ, ಮಂಚದ ಮೇಲೆ ಮಲಗುವವರು ಯಾರು? ಅದನ್ನು ಮೊದಲು ಯೋಚಿಸಿ.

ಕಾನೂನು ಹೇಳಿಬಿಡುತ್ತೇವೆ. 1934ರ ಪೆಟ್ರೋಲಿಯಂ ಕಾಯ್ದೆಯ 8ನೇ ಕಲಮಿನ ಪ್ರಕಾರ ಮಾರಾಟಕ್ಕಲ್ಲದ ಪೆಟ್ರೋಲನ್ನು ಒಟ್ಟು 30 ಲೀಟರ್ ಮೀರದಂತೆ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು. ಆದರೆ ಗಟ್ಟಿ ಬಿರಡೆ ಇರುವ ಗಾಜಿನ, ಪಿಂಗಾಣಿಯ ಅಥವಾ ಲೋಹದ ಪಾತ್ರೆಯಲ್ಲೇ ಇಡಬೇಕು. ಗಾಜಿನದು, ಪಿಂಗಾಣಿಯದು ಒಂದು ಲೀಟರ್ ಮೀರಬಾರದು, ಲೋಹದ್ದು 25 ಲೀಟರ್ ಮೀರಬಾರದು. ಪಾನೀಯದ ಪ್ಲಾಸ್ಟಿಕ್ ಬಾಟಲಿ ಈ ಪಟ್ಟಿಯಲ್ಲೇ ಇಲ್ಲ. ಕಾನೂನು ಬಿಟ್ಟರೂ ಆ ಬಾಟಲಿ ಬೇಡ. ಮುಚ್ಚಳದಲ್ಲಿ ಆವಿ ಸೋರುತ್ತದೆ. ಮಕ್ಕಳು ಶರಬತ್ತು ಅಂತ ಬಾಯಿಗೆ ಹಚ್ಚುವ ಅಪಾಯವಂತೂ ಇದ್ದೇ ಇದೆ.

ಅಷ್ಟಕ್ಕೂ ಬೇಸಿಗೆವರೆಗೆ ಯಾಕೆ? ಅಷ್ಟು ದಿನಕ್ಕೆ ಅದರ ಹಗುರ ಭಾಗ ಹಾರಿ, ಉಳಿದದ್ದು ಹಳಸಿ ಹುಳಿ ವಾಸನೆ ಬರುತ್ತದೆ. ವಿಜಯಪುರದ 40 ಡಿಗ್ರಿ ಬಿಸಿಲಿನಲ್ಲಿ ಮುಚ್ಚಿದ ಡಬ್ಬಿಯೊಳಗೆ ಒತ್ತಡ ಏರುತ್ತದೆ. ಈಗಲೇ ಓಡುವ ಯಾವುದಾದರೂ ಗಾಡಿಗೆ ಹಾಕಿ ಮುಗಿಸಿ. ಸುರಿಯುವಾಗ ಎಂಜಿನ್ ಬಂದ್ ಇರಲಿ, ತಣ್ಣಗಿರಲಿ. ಮುಂದೆ ಎಂದಾದರೂ ಲೋಹದ ಕ್ಯಾನಿನಲ್ಲಿ ಪೆಟ್ರೋಲ್ ಹಿಡಿಯುವುದಾದರೆ ಕ್ಯಾನನ್ನು ನೆಲದ ಮೇಲೆ ಇಟ್ಟು ತುಂಬಿಸಿ, ಗಾಡಿ ಸೀಟಿನ ಮೇಲೋ ಪ್ಲಾಸ್ಟಿಕ್ ಹಾಳೆಯ ಮೇಲೋ ಇಟ್ಟು ಅಲ್ಲ. ಸುರಿಯುವಾಗ ಹುಟ್ಟುವ ಸ್ಥಿರ ವಿದ್ಯುತ್ತು ನೆಲಕ್ಕೆ ಇಳಿದು ಹೋಗಬೇಕು. ಕಂಠಮಟ್ಟ ತುಂಬಬೇಡಿ.

ಇದೇ ಊರಿನ ಇನ್ನೊಬ್ಬರು, ಹಳೆ ಪೆಟ್ರೋಲನ್ನು ಸೀಮೆಎಣ್ಣೆ ಜೊತೆ ಬೆರೆಸಿ ಸ್ಟೋವಿಗೆ ಹಾಕಬಹುದೇ ಎಂದು ಕೇಳಿದ್ದಾರೆ. ಬೇಡ. ಒಂದು ಚಮಚವೂ ಬೇಡ. ಸ್ಟೋವ್ ಸಿಡಿಯುತ್ತದೆ.

ಪ್ರಶ್ನೆ: ನಮ್ಮ ಮನೆಯವರು ಟ್ಯಾಂಕಿಗೆ ಪೈಪ್ ಹಾಕಿ ಬಾಯಿಂದ ಎಳೆದು ಪೆಟ್ರೋಲ್ ತೆಗೆಯುತ್ತಾರೆ. ಎಷ್ಟೋ ವರ್ಷದಿಂದ ಹೀಗೇ ಮಾಡ್ತೀನಿ, ಏನೂ ಆಗಿಲ್ಲ ಅಂತಾರೆ. ಹೋದ ತಿಂಗಳು ಗುಟುಕು ಒಳಗೆ ಹೋಗಿ ಕೆಮ್ಮಿ ಕೆಮ್ಮಿ ಸಾಕಾದರು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದೆ. ಸರಿ ಮಾಡಿದೆನಾ?
(ಅಥಣಿ, ಬೆಳಗಾವಿ ಜಿಲ್ಲೆ)

ಉತ್ತರ: ಅಕ್ಕ, ನೀವು ಗಾಬರಿಯಲ್ಲಿ ಮಾಡಿದ್ದೀರಿ, ಆದರೆ ಇನ್ನೊಮ್ಮೆ ಹಾಗೆ ಮಾಡಬೇಡಿ. ಪೆಟ್ರೋಲ್ ಹೊಟ್ಟೆಗಿಂತ ಶ್ವಾಸಕೋಶಕ್ಕೆ ಹೋದರೆ ಕೆಟ್ಟದ್ದು. ವಾಂತಿ ಮಾಡಿಸಿದರೆ ಅದು ಮೇಲೆ ಬರುವಾಗ ಮತ್ತೆ ಶ್ವಾಸಕೋಶಕ್ಕೆ ಇಳಿಯುವ ಅವಕಾಶ ಸಿಗುತ್ತದೆ. ಬಾಯಿ ತೊಳೆಸಿ, ವಾಂತಿ ಮಾಡಿಸದೆ ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕೆಮ್ಮು ನಿಂತಿತು ಅಂತ ಮನೆಯಲ್ಲೇ ಉಳಿಯಬೇಡಿ, ಉಸಿರಾಟದ ತೊಂದರೆ ಕೆಲವು ಗಂಟೆ ಬಿಟ್ಟೂ ಬರಬಹುದು. ಈಗಲೂ ಅವರಿಗೆ ಕೆಮ್ಮು, ಏದುಸಿರು ಇದ್ದರೆ ಡಾಕ್ಟರಿಗೆ ಪೆಟ್ರೋಲ್ ವಿಷಯ ಹೇಳಿಯೇ ತೋರಿಸಿ.

ಕೈಯಿಂದ ಹಿಚುಕುವ ಉಂಡೆ ಇರುವ ಸೈಫನ್ ಪೈಪ್ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ, ದುಬಾರಿಯೇನಲ್ಲ. ಅದನ್ನು ತಂದು ಗಾಡಿ ಪೆಟ್ಟಿಗೆಯಲ್ಲಿ ಇಟ್ಟುಬಿಡಿ. ಇಂಜೆಕ್ಷನ್ ಗಾಡಿಯ ಪೆಟ್ರೋಲ್ ಪೈಪನ್ನು ಮಾತ್ರ ಮನೆಯಲ್ಲಿ ಕಳಚುವುದು ಬೇಡ, ಅದರಲ್ಲಿ ಒತ್ತಡ ಇರುತ್ತದೆ, ಮುಖಕ್ಕೆ ಚಿಮ್ಮುತ್ತದೆ.

ಪ್ರಶ್ನೆ: ಈ ಮಳೆಗಾಲದಲ್ಲಿ ಗಾಡಿ ನಿಂತು ಟ್ಯಾಂಕಿನ ಒಳಗೆ ಪೂರ್ತಿ ಜಂಗು ಹಿಡಿದಿದೆ. ಸಂಡಾಸ್ ತೊಳೆಯುವ ಆಸಿಡ್ ಹಾಕು ಅಂತ ಗೆಳೆಯ ಹೇಳಿದ. ಹಾಕಲೇ?
(ಖಾನಾಪುರ, ಬೆಳಗಾವಿ ಜಿಲ್ಲೆ)

ಉತ್ತರ: ಖಾನಾಪುರದ ಮಳೆಗೆ ಜಂಗು ಹಿಡಿಯದಿದ್ದರೇ ಆಶ್ಚರ್ಯ. ನಿಮ್ಮ ಕಡೆಯವರು ಗಾಡಿ ಕಾಪಾಡಿಕೊಳ್ಳಬೇಕಾದ್ದು ಚಳಿಗಿಂತ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆ ಆಸಿಡ್ ಬೇಡ, ಜಂಗಿನ ಜೊತೆ ಒಳ್ಳೆ ತಗಡನ್ನೂ ತಿನ್ನುತ್ತದೆ. ತೊಳೆದ ಮೇಲೆ ಮೊದಲಿಗಿಂತ ಬೇಗ ಜಂಗು ಬರುತ್ತದೆ.

ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಸಾಕು. ಟ್ಯಾಂಕ್ ಬಿಚ್ಚಿ, ಪೆಟ್ರೋಲ್ ತೆಗೆದು ಸಾಬೂನಿನಿಂದ ತೊಳೆದು ವಾಸನೆ ಹೋಗಿಸಿ. ಕಾಕ್, ಪೆಟ್ರೋಲ್ ಮಟ್ಟ ತೋರಿಸುವ ಫ್ಲೋಟ್, ಇಂಜೆಕ್ಷನ್ ಗಾಡಿಯಾದರೆ ಪಂಪು, ಎಲ್ಲ ಹೊರಗೆ ತೆಗೆಯಿರಿ. ತೂತುಗಳಿಗೆ ರಬ್ಬರ್ ಬಿರಡೆ ಹಾಕಿ. ಲೀಟರ್ ಬಿಸಿನೀರಿಗೆ 50ರಿಂದ 100 ಗ್ರಾಂ ಲೆಕ್ಕದಲ್ಲಿ ಕರಗಿಸಿ ತುಂಬಿಸಿ, ಒಂದು ರಾತ್ರಿ ಬಿಡಿ. ಮುಚ್ಚಳ ಬಿಗಿಯಾಗಿ ಹಾಕಬೇಡಿ, ಒಳಗೆ ಗ್ಯಾಸ್ ಬರುತ್ತದೆ, ಅದೂ ಉರಿಯುವ ಗ್ಯಾಸೇ, ಆದ್ದರಿಂದ ಹೊರಗೇ ಇಡಿ. ನೀರು ಬಣ್ಣದ ಮೇಲೆ ಚೆಲ್ಲದಂತೆ ನೋಡಿಕೊಳ್ಳಿ. ಜಂಗು ದಪ್ಪ ಇದ್ದರೆ ಮೊದಲು ಸಣ್ಣ ಸರಪಳಿ ತುಂಡು ಹಾಕಿ ಅಲ್ಲಾಡಿಸಿ, ತುಂಡನ್ನು ಮರೆಯದೆ ಹೊರಗೆ ತೆಗೆಯಿರಿ. ಮರುದಿನ ಬಗ್ಗಿಸಿ, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಆಮೇಲೆ ಬರೀ ನೀರಿನಲ್ಲಿ ತೊಳೆದು, ಕೂಡಲೇ ಬಿಸಿಲಿಗಿಟ್ಟು ಒಣಗಿಸಿ. ಗಾಡಿ ಓಡಿಸುವುದಾದರೆ ಅವತ್ತೇ ಪೆಟ್ರೋಲ್ ತುಂಬಿಸಿ, ಇಲ್ಲದಿದ್ದರೆ ಆಯಿಲ್ ಹಚ್ಚಿ ಮುಚ್ಚಿ. ಅರ್ಧ ಟ್ಯಾಂಕ್ ಇಟ್ಟು ನಿಲ್ಲಿಸಿದ್ದೇ ಈ ಜಂಗಿಗೆ ಕಾರಣ ಅನ್ನಿಸುತ್ತದೆ. ತೇವಕ್ಕೂ ಜಾಗ ಸಿಕ್ಕಿತು, ಎಥನಾಲೂ ಇತ್ತು.

ಪ್ರಶ್ನೆ: ನಾನು ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದೇನೆ. ಟ್ಯಾಂಕಿನ ತಳದಲ್ಲಿ ಸೂಜಿ ಗಾತ್ರದ ತೂತು. ಆರು ತಿಂಗಳಿಂದ ಖಾಲಿ ಬಿದ್ದಿರುವ ಟ್ಯಾಂಕು, ಪೂರ್ತಿ ಒಣಗಿದೆ. ಗ್ಯಾಸ್ ವೆಲ್ಡಿಂಗ್ ಹಿಡಿದರೆ ಏನೂ ಆಗುವುದಿಲ್ಲ ಅಲ್ವಾ ಅಣ್ಣ?
(ಬಾಗಲಕೋಟೆ)

ಉತ್ತರ: ಹಿಡಿಯಬೇಡ ತಮ್ಮ. ತುಕ್ಕಿನ ಪದರದಲ್ಲಿ, ಬೆಸುಗೆಯ ಮಡಿಕೆಯಲ್ಲಿ, ಒಣಗಿದ ಅಂಟಿನಲ್ಲಿ ಪೆಟ್ರೋಲ್ ಉಳಿದಿರುತ್ತದೆ. ತಣ್ಣಗಿರುವಾಗ ವಾಸನೆಯೂ ಬರುವುದಿಲ್ಲ. ಜ್ವಾಲೆ ತಾಗಿ ತಗಡು ಕಾದಾಗ ಅದು ಆವಿಯಾಗಿ ಬಿಡುತ್ತದೆ, ಒಳಗೆ ಗಾಳಿ ಇದೆ, ಮುಂದೆ ಬೆಂಕಿ ಇದೆ. ಖಾಲಿ ಟ್ಯಾಂಕಿಗೆ ವೆಲ್ಡಿಂಗ್ ಹಿಡಿದು ಕೈ, ಕಣ್ಣು, ಜೀವ ಕಳೆದುಕೊಂಡವರು ಎಲ್ಲ ಊರಿನಲ್ಲೂ ಇದ್ದಾರೆ, ನಿನ್ನ ಗ್ಯಾರೇಜಿನ ಹಿರಿಯ ಮಿಸ್ತ್ರಿಯನ್ನೇ ಕೇಳಿ ನೋಡು. ನೀರು ತುಂಬಿಸಿ ಹಿಡಿಯುತ್ತೇವೆ ಅನ್ನುವವರು ಇದ್ದಾರೆ, ನೀರಿನ ಮೇಲೆ ಎಲ್ಲೋ ಒಂದು ಮೂಲೆಯಲ್ಲಿ ಗಾಳಿ ಉಳಿದೇ ಇರುತ್ತದೆ. ಅಷ್ಟಕ್ಕೂ ಒಂದು ತೂತು ಕಂಡಿದೆ ಎಂದರೆ ಸುತ್ತಲಿನ ತಗಡು ಕಾಗದದಷ್ಟು ತೆಳುವಾಗಿರುತ್ತದೆ, ಜ್ವಾಲೆಗೆ ತೂತು ಇನ್ನೂ ಅಗಲವಾಗುತ್ತದೆ. ಸಣ್ಣ ತೂತಿಗೆ ಪೆಟ್ರೋಲ್ ತಡೆಯುವ ಎಪಾಕ್ಸಿ ಪುಟ್ಟಿ ಇದೆ, ಅದು ತಾತ್ಕಾಲಿಕ. ಶಾಶ್ವತಕ್ಕೆ ಬೇರೆ ಟ್ಯಾಂಕ್. ಯಜಮಾನರು ಒತ್ತಾಯ ಮಾಡಿದರೂ ಆಗುವುದಿಲ್ಲ ಅನ್ನು.

ಪ್ರಶ್ನೆ: ಗಾಡಿಯನ್ನು ರೈಲಿನಲ್ಲಿ ಪಾರ್ಸೆಲ್ ಮಾಡಬೇಕು. ಪೆಟ್ರೋಲ್ ಇದ್ದರೆ ತೆಗೆದುಕೊಳ್ಳುತ್ತಾರಾ?
(ಇಂಡಿ, ವಿಜಯಪುರ ಜಿಲ್ಲೆ)

ಉತ್ತರ: ಇಲ್ಲ. ಟ್ಯಾಂಕ್ ಖಾಲಿ ಇರಲೇಬೇಕು. ನಿಲ್ದಾಣದ ಹೊರಗೆ ಗಟಾರದ ಪಕ್ಕ ಬಗ್ಗಿಸುವ ಅಭ್ಯಾಸ ಇದೆ, ಅಲ್ಲೇ ಚಹಾ ಅಂಗಡಿಯ ಒಲೆ ಇರುತ್ತದೆ. ಮನೆಯಲ್ಲೇ ಹಿಂದಿನ ದಿನ ತೆಗೆಸಿ, ನಿಲ್ದಾಣಕ್ಕೆ ಗಾಡಿಯನ್ನು ಟಂಟಂನಲ್ಲಿ ಒಯ್ಯಿರಿ.

ಪ್ರಶ್ನೆ: ನಿಂತ ಗಾಡಿಗೆ ಪ್ಲಾಸ್ಟಿಕ್ ಕವರ್ ಒಳ್ಳೆಯದೋ ಬಟ್ಟೆಯೋ?
(ಜಮಖಂಡಿ, ಬಾಗಲಕೋಟೆ ಜಿಲ್ಲೆ)

ಉತ್ತರ: ಒಳಗೆ ನಿಂತಿದ್ದರೆ ಹತ್ತಿ ಬಟ್ಟೆ, ಹಳೆ ಕೌದಿಯಾದರೂ ಸರಿ. ಪ್ಲಾಸ್ಟಿಕ್ ಹೊದಿಸಿದರೆ ರಾತ್ರಿಯ ತೇವ ಒಳಗೇ ಉಳಿದು ಟ್ಯಾಂಕಿನ ಬಣ್ಣ ಗುಳ್ಳೆ ಏಳುತ್ತದೆ, ಮುಚ್ಚಳದ ಕೀಲಿ ಹಿಡಿದುಕೊಳ್ಳುತ್ತದೆ. ಹೊರಗೆ ನಿಂತಿದ್ದರೆ ಪ್ಲಾಸ್ಟಿಕ್ ಹಾಕಲೇಬೇಕಾಗುತ್ತದೆ, ಆಗ ಕೆಳಗಡೆ ನೆಲದಿಂದ ಒಂದು ಮೊಳ ಬಿಟ್ಟು ಕಟ್ಟಿ, ಬಿಸಿಲು ಚೆನ್ನಾಗಿರುವ ದಿನ ಮಧ್ಯಾಹ್ನ ತೆಗೆದು ಗಾಳಿಗೆ ಬಿಡಿ. ಮುಚ್ಚಳದ ಕೀಲಿ ತೂತಿಗೆ ಒಂದು ಹನಿ ಮಷಿನ್ ಎಣ್ಣೆ ಬಿಟ್ಟಿರಿ.